ಗುಡ್ಡದ ಚಿತ್ರದಲ್ಲಿ ಒಂದು ಮಿರ್ಚಿ ಭಜಿ

ಗೆಳೆಯರೇ, ನಮ್ಮವರ ಹೊಸ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಇವತ್ತು ಅತ್ತೆಯ ಮುಂದೆ ನನ್ನ ಮಾನ ಕಳೆಯಿತು.

ಮದುವೆಯಾದ ಮೇಲೆ ಇದು ಮೊದಲ ಶ್ರಾವಣ. ಅತ್ತೆಯ ಜೊತೆ ನಾನೂ ಸೋಮವಾರದ ಉಪವಾಸ ಮಾಡುತ್ತೇನೆಂದು ನಾನೇ ಉತ್ಸಾಹದಿಂದ ಹೇಳಿದ್ದೆ. ಇವತ್ತು ಸೋಮವಾರ; ಬೆಳಿಗ್ಗೆ ನಾನೂ ನಮ್ಮವರೂ ಸವದತ್ತಿ ಗುಡ್ಡದ ಚಿತ್ರ ತೆಗೆಯಲು ಹೋದೆವು. ಎಂಥಾ ಹಸಿರು, ಎಂಥಾ ಮೋಡ! ನನ್ನನ್ನು ದೂರದ ಬಂಡೆಯ ಮೇಲೆ ನಿಲ್ಲಿಸಿ, "ನೀ ಬರೇ ಒಂದ ಚುಕ್ಕಿ ಕಂಡಂಗ ಕಾಣ್ತಿ" ಎಂದರು. ಚುಕ್ಕಿಗೆ ಹಸಿವಾಗಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಅವರಿಗೆಂದು ಕೊಂಡ ಮಿರ್ಚಿ ಭಜಿ ನನ್ನ ಬ್ಯಾಗಿನಲ್ಲಿತ್ತು.

ಮಧ್ಯಾಹ್ನ ಬೈಲಹೊಂಗಲದ ಮನೆಗೆ ಬಂದವರೇ ನಮ್ಮವರು ಚಿತ್ರವನ್ನು ಟಿವಿಗೆ ಹಾಕಿದರು. "ಎಷ್ಟ ದೊಡ್ಡದ ಮಾಡಿದ್ರೂ ಮಸಕ ಆಗೂದಿಲ್ಲ, ನೋಡವ್ವ." ಬಂಡೆ ದೊಡ್ಡದಾಯಿತು. ನಾನೂ ದೊಡ್ಡವಳಾದೆ.

"ಕೈಯಾಗೇನೈತಿ?" ಎಂದರು ಅತ್ತೆ.

"ಹೂವರಿ, ಅತ್ತಿ."

"ಹೂವಾ? ಅರ್ಧಾ ಕಡದೀಯಲ್ಲ!"

ನಮ್ಮವರು ಟಿವಿ ಆರಿಸಬಹುದಿತ್ತು. ಇನ್ನಷ್ಟು ದೊಡ್ಡದು ಮಾಡಿ, "ಎಣ್ಣಿ ಮಿಂಚೂದೂ ಕಾಣ್ತೈತಿ!" ಎಂದು ಹಿಗ್ಗಿದರು.

"ಮುಂದಿನ ಸೋಮವಾರನೂ ಹೋಗ್ರಿ," ಎಂದರು ಅತ್ತೆ. "ಕ್ಯಾಮೆರಾ ಮಾತ್ರ ಮರೀಬ್ಯಾಡ್ರಿ."

ನಮ್ಮ ಮದುವೆಯ ಆಲ್ಬಂನಲ್ಲಿ ನಾನು ಕೂಡ ಆ ಭಜಿಯಷ್ಟು ಚೆನ್ನಾಗಿ ಬಂದಿಲ್ಲ.