ಕೀಲೆಣ್ಣೆ ಕುಡಿದ ಕಾರು

ದಾಂಡೇಲಿಯ ಅಂಬೇವಾಡಿಯಿಂದ ಹೊರಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಮನೆಗೆ ಬೀಗ ಹಾಕಿದೆ, ಕಾರಿನ ತನಕ ಹೋಗಿ ಮತ್ತೆ ಬಂದು ಜಗ್ಗಿ ನೋಡಿದೆ. ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಸಾಂಬ್ರಾಣಿಯ ತವರಿನಲ್ಲಿ ಕೂತಿದ್ದ ಹೆಂಡತಿ ಗಿರಿಜೆಯನ್ನು ಕರೆತರಬೇಕಿತ್ತು, ಅದೂ ಇದೇ ಕಾರಿನಲ್ಲಿ. ಹಿಂದಿನ ತಿಂಗಳು ಗೋವೆ ನೋಡಲು ಹೋಗುವಾಗ ಅನಮೋಡದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಕಾರು ಕಂದಕದ ಅಂಚಿಗೆ ಹೋಗಿ ನಿಂತಿತ್ತು. “ಬ್ರೇಕ್ ಚಲೋ ಆಗೂತನಕ ನಾ ಇದರಾಗ ಕಾಲಿಡೂದಿಲ್ರಿ” ಎಂದವಳು ಮರುದಿನವೇ ಬಸ್ಸು ಹತ್ತಿದ್ದಳು. ಅಂದಿನಿಂದ ಕಾಗದದ ಮಿಲ್ಲಿನ ಕೆಲಸ ಮುಗಿಸಿ ಬಂದು ನಾನೇ ಅನ್ನ ಬೇಯಿಸಿಕೊಂಡು ಸಾಕಾಗಿ ಹೋಗಿತ್ತು.

ಹುಬ್ಬಳ್ಳಿಯಿಂದ ಬ್ರೇಕಿನ ಹೊಸ ಲೈನಿಂಗ್ ಪಟ್ಟಿ ತರಿಸಿ ನಾಲ್ಕೂ ಚಕ್ರಕ್ಕೆ ಹಾಕಿಸಿದ್ದೆ. ಚಕ್ರದ ಡ್ರಮ್ಮಿಗೆ ಆ ಪಟ್ಟಿ ಉಜ್ಜಿದರೇ ಕಾರು ನಿಲ್ಲುವುದು. “ಹೊಸಾದು, ನಾಕ ದಿನ ಚೀರ್ತೈತಿ, ಆಮ್ಯಾಲೆ ಕೂಡ್ತೈತಿ” ಎಂದಿದ್ದ ಮೇಸ್ತ್ರಿ. ಪಟ್ಟಿ ಬಿಗಿ ಮಾಡಲು ಡ್ರಮ್ಮಿನಲ್ಲೊಂದು ತೂತು ಇರುತ್ತದೆ. ದಾರಿಯಲ್ಲಿ ಬೇಕಾದೀತೆಂದು ಅದರ ಮುಚ್ಚಳ ತೆಗೆದೇ ಇಟ್ಟಿದ್ದೆ.

ಬಿದಿರಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹಳಿಯಾಳಕ್ಕೆ ಬಂದೆ. ಚಹಾದಂಗಡಿಯ ಮುಂದೆ ಬ್ರೇಕು ಒತ್ತಿದೊಡನೆ ಕಾರು ಕಿರ್ರೆಂದಿತು. ಮಿರ್ಚಿ ತಿನ್ನುತ್ತಿದ್ದವರೆಲ್ಲ ತಿರುಗಿದರು. “ಗಾಡಿಗೂ ಹಸಿವಾಗೇತೇನ್ರಿ?” ಎಂದನೊಬ್ಬ. ನನಗೆ ನಗು ಬರಲಿಲ್ಲ. ಚಹಾ ಅರ್ಧ ಬಿಟ್ಟು ಎದ್ದೆ.

ಸಾಂಬ್ರಾಣಿಯಲ್ಲಿ ಗಿರಿಜೆ ಬಾಗಿಲಲ್ಲೇ ನಿಂತಿದ್ದಳು. ಕಾರು ಊರಿಗೆಲ್ಲ ಕೇಳುವಂತೆ ಚೀರಿ ಅವಳ ಕಾಲ ಬುಡದಲ್ಲಿ ನಿಂತಿತು. “ನಿಂತಿತಲ್ಲ” ಎಂದಳು. “ಉಂಡು ಹೋಗೂಣು.” ಜೀವ ಹಗುರಾಯಿತು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹೊಟ್ಟೆ ತುಂಬ ಉಂಡು ಸ್ವಲ್ಪ ಅಡ್ಡಾದೆ. ಹೊರಡುವಾಗ ಮಾವ ಕೈ ಒರೆಸಿಕೊಳ್ಳುತ್ತ ಬಂದು, “ಇನ್ನ ನಿಮ್ಮ ಗಾಡಿ ಚೀರೂದಿಲ್ಲ ನೋಡ್ರಿ” ಎಂದರು. ಹಾರೈಕೆಯೆಂದುಕೊಂಡು ತಲೆಯಾಡಿಸಿದೆ.

ಊರ ಹೊರಗೆ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಹುಲ್ಲಿನ ಚಕ್ಕಡಿಯೊಂದು ಎದುರಾಯಿತು. ಬ್ರೇಕು ಒತ್ತಿದೆ. ಚೀರಲೂ ಇಲ್ಲ, ನಿಲ್ಲಲೂ ಇಲ್ಲ. ಕೈಬ್ರೇಕು ಎಳೆದರೆ ಅದೂ ಜಾರಿತು. ಗೇರು ಇಳಿಸಿ, ಸ್ಟೇರಿಂಗ್ ತಿರುಗಿಸಿ ಗದ್ದೆಯ ಬದುವಿಗೆ ಹತ್ತಿಸಿದೆ. ಕಾರು ಮೂಗು ಮೇಲೆ ಮಾಡಿ ನಿಂತಿತು. ಗಿರಿಜೆ ಬಾಗಿಲಿನ ಹಿಡಿಕೆ ಹಿಡಿದೇ ಕೂತಿದ್ದಳು. ಆಮೇಲೆ ಗಂಟು ಎತ್ತಿಕೊಂಡು ಇಳಿದಳು.

“ಬ್ರೇಕ್ ಮಾಡ್ಸೇನಿ ಅಂತ ಸುಳ್ಳ ಹೇಳಿದ್ರಿ. ನಾ ಅಪ್ಪನ ಮನಿಗೆ ಹೋಗ್ತೇನಿ.”

ಜಾಕಿ ಹಚ್ಚಿ ಚಕ್ರ, ಡ್ರಮ್ಮು ಬಿಚ್ಚಿದೆ. ಹೊಸ ಪಟ್ಟಿ ಎಣ್ಣೆಯಲ್ಲಿ ಮಿಂದಿತ್ತು. ಮಾವನ ಮಾತು ಆಗ ತಿಳಿಯಿತು. ಚಕ್ಕಡಿ ಕಿರುಗುಟ್ಟಿದರೆ ಅಚ್ಚಿಗೆ ಕೀಲೆಣ್ಣೆ ಹಾಕದೆ ಬೀಗರನ್ನು ಕಳಿಸುವ ಮನುಷ್ಯ ಅಲ್ಲ ಅವರು. ನಾನು ಅಡ್ಡಾಗಿದ್ದಾಗ ಚಕ್ರದಲ್ಲಿ ತೂತು ಕಂಡಿದ್ದರು, ನಾಲ್ಕಕ್ಕೂ ಹೊಯ್ದಿದ್ದರು. ಸಿಟ್ಟು ನೆತ್ತಿಗೇರಿತು. ಆದರೆ ಅವಳೆದುರು ಅವಳಪ್ಪನ ಹೆಸರು ಎತ್ತಿದರೆ ಈ ಜನ್ಮದಲ್ಲಿ ದಾಂಡೇಲಿಗೆ ಬರುತ್ತಾಳೆಯೇ? ತುಟಿ ಕಚ್ಚಿಕೊಂಡು ಒರೆಸತೊಡಗಿದೆ.

ಹೊರಟು ನಿಂತಿದ್ದವಳು ನಾನು ಒರೆಸುವುದನ್ನು ನೋಡಿ ಹತ್ತಿರ ಬಂದಳು. ಬೆರಳು ಅದ್ದಿ ಮೂಸಿದಳು.

“ಇದು ನಮ್ಮವ್ವ ಕಾಸಿದ ಹರಳೆಣ್ಣಿ.”

ನಾನು ಇನ್ನೊಂದು ಚಕ್ರದ ನಟ್ಟು ಸಡಿಲಿಸತೊಡಗಿದೆ.

“ಅಪ್ಪ ಹಾಕ್ಯಾನಲ್ರೀ. ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ನಂಬ್ತಿದ್ದೇನು?”

ಅವಳು ಗಂಟು ಬಿಚ್ಚಿ ಹಳೇ ಸೀರೆ ಹರಿದು ಕೊಟ್ಟಳು. ಡಿಕ್ಕಿಯಲ್ಲಿದ್ದ ಕ್ಯಾನಿನ ಪೆಟ್ರೋಲಿನಿಂದ ಒಂದೊಂದೇ ಪಟ್ಟಿ ತೊಳೆದೆ, ಅವಳು ಉಜ್ಜು ಕಾಗದದಿಂದ ತಿಕ್ಕಿದಳು. “ಅಪ್ಪಗ ಹೇಳಬ್ಯಾಡ್ರಿ, ಭಾಳ ನೊಂದ್ಕೋತಾನ” ಎಂದಳು. ಎಣ್ಣೆ ಕುಡಿದ ಪಟ್ಟಿಯನ್ನು ಪೂರಾ ನಂಬುವಂತಿಲ್ಲ, ಮತ್ತೆ ಹೊಸದೇ ಹಾಕಿಸಬೇಕು. ಸಣ್ಣ ಗೇರಿನಲ್ಲೇ ಹೊರಟೆವು. ಅವಳ ಕೈ ಹಿಡಿಕೆಯ ಮೇಲೇ ಇತ್ತು. ಹಳಿಯಾಳ ದಾಟಿದರೂ ಬಿಡಲಿಲ್ಲ.

ಅಂಬೇವಾಡಿಯ ತಿರುವಿನಲ್ಲಿ ಬ್ರೇಕು ಒತ್ತಿದೆ. ಕಾರು ಕಿರ್ರೆಂದು ಚೀರಿ ನಿಂತಿತು. ಓಣಿಯವರು ಹೊರಗೆ ಬಂದು ನೋಡಿದರು.

“ಚೀರ್ತು” ಎಂದು ಗಿರಿಜೆ ಹಿಡಿಕೆಯಿಂದ ಕೈ ತೆಗೆದಳು.