ಜಟಕಾ ಕಟ್ಟುತ್ತಿದ್ದ ಪಕ್ಕದ ಮನೆ ಮಾವ

ಹೋದ ತಿಂಗಳು ನಮ್ಮ ಮನೆಯ ಮುಂಬಾಗಿಲಿಗೆ ವಾರ್ನಿಷ್ ಹೊಡೆಸಿದೆವು. ವಾಸನೆ ತಡೆಯಲಾರದೆ ಸೊಸೆ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ನಾನು ಮಾತ್ರ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತೆ. ಮಾಗಡಿ ರಸ್ತೆಯ ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ಬೆಳಗಾಯಿತೆಂದರೆ ಇದೇ ವಾಸನೆ ಗೋಡೆ ದಾಟಿ ಬರುತ್ತಿತ್ತು...

ಪಕ್ಕದಲ್ಲಿ ಜಟಕಾ ಕಟ್ಟುವ ಕಾರ್ಖಾನೆಯಿತ್ತು. ಕಾರ್ಖಾನೆ ಎಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಚಾವಡಿ, ಆರು ಜನ ಬಡಗಿಗಳು. ಅಣ್ಣತಮ್ಮಂದಿರಿಬ್ಬರು ಅದರ ಯಜಮಾನರು. ತಮ್ಮನನ್ನು ನಾನು ಮಾವ ಎನ್ನುತ್ತಿದ್ದೆ. ತೆಳ್ಳಗಿನ, ಮೆಲುದನಿಯ ಮನುಷ್ಯ. ಮರದ ಮೇಲೆ ಅಂಗೈ ಸವರಿಯೇ ಉಬ್ಬುತಗ್ಗು ಹೇಳಬಲ್ಲವರು.

ಐವತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದೆ. ಹೆಗ್ಗನಹಳ್ಳಿ, ಹೇರೋಹಳ್ಳಿ ಕಡೆಯವರೂ ಬಸ್ಸಿಗೆ ಕಾಯುವುದನ್ನು ಕಲಿಯುತ್ತಿದ್ದರು. ಕಾರ್ಖಾನೆಗೆ ಹೊಸ ಜಟಕಾ ಕೇಳಿಕೊಂಡು ಬರುವವರು ನಿಂತೇ ಹೋಗಿದ್ದರು. ಕುದುರೆ ಕಟ್ಟುವ ಮೂಕಿ ಮುರಿದದ್ದು, ಸವೆದ ಚಕ್ರ, ಇಷ್ಟೇ ರಿಪೇರಿಗೆ ಬರುತ್ತಿದ್ದದ್ದು.

ಒಂದು ದಿನ ಬಸ್ಸಿನ ಸಾಹುಕಾರರೊಬ್ಬರು ಬಂದು, ಬಸ್ಸಿನೊಳಗಿನ ಕೊಳೆತ ಮರ ತೆಗೆದು ಬೇರೆ ಹಾಕಿಕೊಡಿ ಎಂದರು. ಮಾವ ಹದಿನೈದು ದಿನದಲ್ಲಿ ಮಾಡಿಕೊಟ್ಟರು. ಸಾಹುಕಾರರು ಸೀಟಿನ ಮೇಲೆ ಕೂತು ನೋಡಿ, ಎದ್ದು ನೋಡಿ, "ಇಡೀ ಬಾಡೀನೇ ಕಟ್ಟಿಕೊಡ್ತೀರಾ? ಎಂಜಿನ್ನು ಚಕ್ರ ಅಷ್ಟು ತಂದು ನಿಲ್ಲಿಸ್ತೀನಿ, ಮಿಕ್ಕಿದ್ದೆಲ್ಲ ನಿಮ್ಮದು" ಅಂದರು.

ಆ ಸಂಜೆ ಮಾವ ಚಾವಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಸ್ಸು ಬರೆದರು. ಅಳತೆ ಗೋಡೆ ದಾಟಿ ಬೀದಿಗೆ ಹೋಯಿತು! ಅಲ್ಲಿ ಬಸ್ಸು ಹಿಡಿಸುವಂತಿರಲಿಲ್ಲ. ರಾಜಾಜಿನಗರದಲ್ಲಿ ಬೆಳೆಯುವ ಉದ್ಯಮಗಳಿಗೆ ಸರ್ಕಾರದವರು ಶೆಡ್ಡು ಕೊಡುತ್ತಾರೆಂದು ಕೇಳಿ ಅರ್ಜಿ ತಂದರು. ಇಂಗ್ಲಿಷಿನಲ್ಲಿತ್ತು, ತುಂಬಿಸಲು ನನ್ನನ್ನು ಕರೆದರು. ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ಅದರಲ್ಲೊಂದು ಪ್ರಶ್ನೆ. ಉತ್ತರಕ್ಕೆ ಒಂದೇ ಗೆರೆ ಜಾಗ.

"ನಾವು ಏನು ಮಾಡೋರು ಹೇಳಮ್ಮ?" ಎಂದು ಮಾವ ನನ್ನನ್ನೇ ಕೇಳಿದರು. ನಾನು ಜಟಕಾ ಎಂದೆ. ಅಲ್ಲವೆಂಬಂತೆ ತಲೆಯಾಡಿಸಿದರು. ಮೂರು ದಿನ ಯೋಚನೆ ಮಾಡಿ ಗೋಡೆಯ ಹತ್ತಿರ ಬಂದರು. "ಜನ ಕೂತು ಹೋಗೋ ಗಾಡಿ ಯಾವುದಾದ್ರೂ ಸರಿ, ಅದಕ್ಕೆ ಮೈ ಕಟ್ಟೋರು ನಾವು. ಎಳೆಯೋದು ಕುದುರೆಯೋ ಎಂಜಿನ್ನೋ, ನಮಗೇನಮ್ಮ?" ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಕಾರ್ಖಾನೆಯ ಲೈಸೆನ್ಸ್ ಅವರ ಅಣ್ಣನ ಹೆಸರಿನಲ್ಲಿತ್ತು. ರುಜು ಅವರದೇ ಬೇಕು. ದೊಡ್ಡವರು ಬಂದು, ಮಾವನ ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ನಾನು ಓದಿದ್ದನ್ನು ಕೇಳಿ ಕೆಂಪಾದರು. "ಅಪ್ಪ ಹೆಸರು ಮಾಡಿದ್ದು ಜಟಕಾ ಕಟ್ಟಿ ಕಣೋ. ನೀನು ತಗಡು ಬಡೀತೀಯಾ? ಜಟಕಾ ಅಂತ ಬರೆಸು, ರುಜು ಹಾಕ್ತೀನಿ. ಇಲ್ದಿದ್ರೆ ಇಲ್ಲ."

"ಅಣ್ಣಯ್ಯ, ಹಂಗೆ ಬರೆದ್ರೆ ಶೆಡ್ಡು ಕೊಡಲ್ಲ..."

"ಕೊಡದಿದ್ರೆ ಬೇಡ."

ಮಾವ ಅರ್ಜಿಯನ್ನು ನನ್ನ ಮುಂದೆ ಸರಿಸಿದರು. ಆಮೇಲೆ, "ಬರಿಯಮ್ಮ" ಎಂದರು. ನಾನು ಜಟಕಾ ಎಂದೇ ಬರೆದೆ. ಬರೆಯುವುದಿಲ್ಲ ಎನ್ನಬಹುದಿತ್ತೇ? ಅಂದಿದ್ದರೆ ಏನಾಗುತ್ತಿತ್ತು? ಇವತ್ತಿಗೂ ಗೊತ್ತಿಲ್ಲ.

ಕಚೇರಿಗೆ ನಾನೂ ಜೊತೆಯಲ್ಲಿ ಹೋಗಿದ್ದೆ. ಅಧಿಕಾರಿ ಒಳ್ಳೆಯವರೇ. "ಊರಲ್ಲಿ ಜಟಕಾನೇ ಕಮ್ಮಿ ಆಗ್ತಾ ಇದೆಯಲ್ಲ ಸ್ವಾಮಿ, ಬೆಳೆಯೋದೆಲ್ಲಿಂದ?" ಎಂದರು. ಮಾವ ಬಸ್ಸಿನ ಸಂಗತಿ ಬಿಡಿಸಿ ಹೇಳಿದರು. "ಅದನ್ನ ಇಲ್ಲಿ ಬರೆದಿಲ್ವಲ್ಲ" ಎಂದು ಅವರು ನನ್ನ ಅಕ್ಷರದ ಮೇಲೆ ಬೆರಳಿಟ್ಟರು. ಹೊಸ ಅರ್ಜಿ ಕೊಡಿ ಎಂದರು. ಅದಕ್ಕೂ ಅಣ್ಣನ ರುಜುವೇ ಬೇಕಿತ್ತು. ಅವರು ಹಾಕಲಿಲ್ಲ.

ಸಾಹುಕಾರರು ಎರಡು ತಿಂಗಳು ಕಾದು ಬೇರೆ ಕಡೆ ಹೋದರು. ಬಡಗಿಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಕೊನೆಗೆ ಮಾವನೇ ಮೈಸೂರು ರಸ್ತೆಯ ಒಂದು ಬಸ್ ಬಾಡಿ ಕಂಪನಿಯಲ್ಲಿ ದಿನಗೂಲಿಗೆ ಸೇರಿದರು. ಒಮ್ಮೆ ರಸ್ತೆಯಲ್ಲಿ ಸಿಕ್ಕಾಗ ಎದುರಿಗೊಂದು ಬಸ್ಸು ಹಾದುಹೋಯಿತು. "ಆ ಕಿಟಕಿ ಸಾಲು ನೋಡಮ್ಮ, ನನ್ನದು" ಎಂದರು. ಬಸ್ಸಿನ ಹಿಂದೆ ಬರೆದಿದ್ದದ್ದು ಆ ಕಂಪನಿಯ ಹೆಸರು.

ನಾನು ಮದುವೆಯಾಗಿ ವಿಜಯನಗರಕ್ಕೆ ಬಂದೆ. ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲದ ದಾರಿ. ಇವತ್ತು ನಾಳೆ ಎನ್ನುತ್ತ ಮಾವನನ್ನು ನೋಡಲು ಹೋಗಲಿಲ್ಲ. ಅವರು ತೀರಿಕೊಂಡದ್ದು ವರ್ಷವಾದ ಮೇಲೆ ತಿಳಿಯಿತು. ಹೋದಾಗ ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಕಾಫಿ ಕೊಟ್ಟು ಹೇಳಿದರು: "ನಿನ್ನನ್ನ ತುಂಬಾ ನೆನೆಸ್ಕೊಳ್ಳೋರು ಕಣಮ್ಮ. ಆ ಹುಡುಗಿ ಕೈಲಿ ಹಂಗೆ ಬರೆಸಿಬಿಟ್ಟೆ, ಮನಸ್ಸಿಗೆ ಹಚ್ಕೊಂಡಳೋ ಏನೋ ಅಂತಿದ್ರು."

ಹಚ್ಚಿಕೊಂಡಿದ್ದೆ, ಮಾವ. ಈಗ ನನಗೆ ನಿಮಗಿಂತ ಹೆಚ್ಚು ವಯಸ್ಸಾಗಿದೆ. ನಿಮ್ಮಣ್ಣನೂ ಇಲ್ಲ, ಅತ್ತೆಯೂ ಇಲ್ಲ. ಇದನ್ನು ಯಾರಿಗೆ ಹೇಳಲಿ...