ಗುನ್ವೋರ್ ಅವರಿಗೆ ಸಲ್ಲಬೇಕಾಗಿದ್ದ ಒದೆ

ಸ್ವೀಡನ್ನಿನ ರಂಗಭೂಮಿಯಲ್ಲಿ ದೊಡ್ಡ ದನಿಯ ನಟಿಯರಿಗೆ ಎಂದೂ ಬರವಿಲ್ಲ. ಆದರೆ ಮಾತು ನಿಲ್ಲಿಸಿದ ಮೇಲೂ ಸಭೆಯನ್ನು ಹಿಡಿದಿಡಬಲ್ಲವರು ವಿರಳ, ಆ ವಿರಳರಲ್ಲಿ ಶ್ರೀಮತಿ ಗುನ್ವೋರ್ ಲಾಗರ್‌ಫೋರ್ಸ್ ಅವರದು ಮೊದಲ ಸಾಲಿನ ಹೆಸರು. ಗೋಥೆನ್‌ಬರ್ಗಿನ ನಮ್ಮ ಬಂದರು ರಂಗಮಂದಿರದ ಕಾಯಂ ಬಳಗದಿಂದ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಪ್ರಶಸ್ತಿಗಳನ್ನು ಹೊಗಳುವ ಕೆಲಸವನ್ನು ಈ ಅಭಿನಂದನಾ ಸಂಪುಟದ ವಿದ್ವಾಂಸರಿಗೆ ಬಿಟ್ಟು, ಅವರಿಗೆ ಸಿಗದೆ ಹೋದ ಒಂದು ಸಣ್ಣ ಗೌರವದ ಮಾತನ್ನು ಇಲ್ಲಿ ಹೇಳಬೇಕಾಗಿದೆ.

ಬೊರೋಸ್‌ನ ಬಟ್ಟೆ ಗಿರಣಿಯ ಮೆಕ್ಯಾನಿಕ್ ಒಬ್ಬರ ಮಗಳಾದ ಗುನ್ವೋರ್ ಚಿಕ್ಕ ವಯಸ್ಸಿನಲ್ಲೇ ತಂಡ ಸೇರಿದಾಗ, ಅವರ ಪಾಲಿಗೆ ಬಂದದ್ದು ಕಾಫಿಯ ತಟ್ಟೆ ಹಿಡಿದು ಒಳಬಂದು ಹೊರಹೋಗುವ ಪಾತ್ರ. ಮೊದಲ ಪ್ರದರ್ಶನದ ಸಂಜೆ ಪರದೆಯ ಹಿಂದೆ ಗಡಗಡ ನಡುಗುತ್ತಿದ್ದ ಆ ಹುಡುಗಿಗೆ ನಟ ಬಿರ್ಗೆರ್ ತೊಲ್ಲೇನ್ ಹಿಂದಿನಿಂದ ಒಂದು ಒದೆ ಕೊಟ್ಟರು. ನಮ್ಮ ಕಸುಬಿನಲ್ಲಿ ಇದೇ ಆಶೀರ್ವಾದ. ಹೊಸ ನಾಟಕ ಶುರುವಾಗುವ ಮುನ್ನ ಬಾಯಲ್ಲಿ ಶುಭ ಕೋರುವುದು ಅಪಶಕುನ, ಹಿಂಭಾಗಕ್ಕೆ ಒದೆಯುತ್ತೇವೆ. ಒದೆಸಿಕೊಂಡವರು ಧನ್ಯವಾದ ಹೇಳಬಾರದು. ಒದೆಯಿರೆಂದು ಕೇಳಲೂಬಾರದು, ಬೆನ್ನು ತಿರುಗಿಸಿ ನಿಂತರಾಯಿತು.

"ತಟ್ಟೆ ಬೀಳ್ತಿತ್ತಲ್ಲ, ಮಾರಾಯ" ಎಂದರಂತೆ ಗುನ್ವೋರ್.

"ಬಿದ್ರೆ ಒಳ್ಳೇದೇ. ಜನ ನೆನಪಿಟ್ಕೋತಾರೆ. ನಡಿ."

ಅಲ್ಲಿಂದ ಮುಂದೆ ದಶಕಗಳ ಕಾಲ ಆ ಇಬ್ಬರೂ ರಂಗದ ಮೇಲೆ ಗಂಡಹೆಂಡಿರಾದರು, ಅಣ್ಣತಂಗಿಯರಾದರು, ಒಬ್ಬರಿಗೊಬ್ಬರು ವಿಷವಿಟ್ಟರು. ಹೊಸ ನಾಟಕಕ್ಕೆ ಮುನ್ನ ತಪ್ಪದೆ ಒಬ್ಬರನ್ನೊಬ್ಬರು ಒದ್ದರು. ನಡುವೆ ಸಿನಿಮಾ ಬಂತು. ದೀಪಸ್ತಂಭ ಕಾಯುವ ವಿಧವೆಯ ಪಾತ್ರ ಗುನ್ವೋರ್ ಅವರನ್ನು ಹೊರದೇಶಗಳಿಗೂ ಪರಿಚಯಿಸಿತು. ಟೀವಿಯ ಕ್ರಿಸ್‌ಮಸ್ ಮಾಲಿಕೆಯೊಂದರ ಸಿಡುಕಿನ ಅಜ್ಜಿಯ ಪಾತ್ರ ಅವರನ್ನು ದೇಶದ ಮಕ್ಕಳಿಗೆಲ್ಲ ಅಜ್ಜಿಯಾಗಿಸಿತು. ಟ್ರಾಮಿನಲ್ಲಿ ಜನ ಗುರುತಿಸುತ್ತಿದ್ದರು. ಆದರೆ ಪಕ್ಕದ ಸೀಟಿನಲ್ಲಿ ಕೂರುತ್ತಿರಲಿಲ್ಲ.

ಬಿರ್ಗೆರ್ ತೀರಿಕೊಂಡ ವರ್ಷವೇ ಗುನ್ವೋರ್ ಅವರಿಗೆ ರಾಜಮನೆತನದ ಪದಕ ಬಂತು. ಎರಡೂ ಸೇರಿ ಅವರನ್ನು ಒಂಟಿಯಾಗಿಸಿದವು. ಹೊಸಬರಿಗೆ ಒದೆಯುವುದನ್ನು ಮಾತ್ರ ಅವರು ಬಿಡಲಿಲ್ಲ. ಭಯದಿಂದ ಶೌಚಾಲಯ ಹೊಕ್ಕು ಚಿಲಕ ಹಾಕಿಕೊಂಡಿದ್ದ ಯೆರ್ಕರ್ ಎಂಬ ತರುಣನನ್ನು ಬಾಗಿಲಾಚೆ ಕುಳಿತು ಸಮಾಧಾನಪಡಿಸಿ, ಹೊರಬಂದೊಡನೆ ಒದ್ದು ರಂಗಕ್ಕೆ ಅಟ್ಟಿದವರು ಅವರೇ. ಅವರ ಕಾಲ್ಗುಣ ಒಳ್ಳೆಯದೆಂದು ಎಲ್ಲರೂ ಮುಗಿಬಿದ್ದು ಒದೆಸಿಕೊಳ್ಳುತ್ತಿದ್ದರು. ತಿರುಗಿ ಒದೆಯುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಪದಕ ತೊಟ್ಟವರನ್ನು ಯಾರು ಒದ್ದಾರು? ನಿರ್ದೇಶಕರನ್ನೂ ಏಕವಚನದಲ್ಲಿ ಕರೆಯುವ ನಮ್ಮ ಮಂದಿ ಅವರ ಮುಂದೆ ಮಾತ್ರ ದನಿ ತಗ್ಗಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಅವರು ಬಟಾಣಿ ಸಾರಿನ ಬಟ್ಟಲು ಹಿಡಿದು ಬಂದರೆ, ಗೌರವದಿಂದ ಇಡೀ ಮೇಜನ್ನೇ ಬಿಟ್ಟುಕೊಡುತ್ತಿದ್ದರು.

ಕಳೆದ ಶರತ್ಕಾಲದಲ್ಲಿ ಇನ್ನೆರಡು ವರ್ಷ ಮುಂದುವರಿಯಬೇಕೆಂದು ರಂಗಮಂದಿರ ಅವರನ್ನು ಕೇಳಿಕೊಂಡಿತ್ತು. "ಹೊಸ ನಾಟಕದ ಮೊದಲ ಪ್ರದರ್ಶನ ಆಗ್ಲಿ, ಆಮೇಲೆ ನೋಡೋಣ" ಎಂದಿದ್ದರು. ಅವರ ಮನಸ್ಸು ಯಾವುದಕ್ಕೆ ಕಾದಿತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ.

ಆ ಮೊದಲ ಪ್ರದರ್ಶನದ ಸಂಜೆ ರಂಗದ ಹಿಂದಿನ ಓಣಿಯಲ್ಲಿ ಎಳೆಯ ನಟನಟಿಯರು ಕೇಕೆ ಹಾಕುತ್ತ ಒಬ್ಬರನ್ನೊಬ್ಬರು ಒದೆಯುತ್ತಿದ್ದರು. ಗುನ್ವೋರ್ ಬಂದರು. ಸದ್ದಡಗಿತು. ಅವರು ಎಲ್ಲರ ನಡುವೆ ಹೋಗಿ, ಬೆನ್ನು ತಿರುಗಿಸಿ, ನಿಲುವಂಗಿಯ ನೆರಿಗೆಯನ್ನು ಒಂದು ಕೈಯಲ್ಲಿ ಬದಿಗೆ ಸರಿಸಿ ನಿಂತರು. ಪಾತ್ರದಲ್ಲಿ ತಲ್ಲೀನರಾಗುತ್ತಿದ್ದಾರೆಂದೇ ಎಲ್ಲರೂ ಭಾವಿಸಿದರು. ಈಗ ಹೆಸರಾಂತ ನಟನಾಗಿರುವ ಯೆರ್ಕರ್, "ಶ್, ಜಾಗ ಬಿಡಿ" ಎಂದು ಪಿಸುಗುಟ್ಟಿದ. ಎಲ್ಲರೂ ಗೋಡೆಗೆ ಒರಗಿ ದಾರಿ ಬಿಟ್ಟರು. ಸ್ವಲ್ಪ ಹೊತ್ತು ಕಾದು, ನೆರಿಗೆ ಬಿಟ್ಟು, ಅವರು ರಂಗಕ್ಕೆ ನಡೆದರು.

ಆ ರಾತ್ರಿ ಅವರು ಹೇಗೆ ಅಭಿನಯಿಸಿದರೆಂಬುದನ್ನು ಪತ್ರಿಕೆಗಳು ಬರೆದಿವೆ. ಪತ್ರಿಕೆಗಳಿಗೆ ತಿಳಿಯದ್ದನ್ನು, ಅವರಿಗೆ ಉಡುಪು ತೊಡಿಸುವ ಹಳೆಯ ಗೆಳತಿ ಆಸ್ತಾ ಹೇಳಿದ್ದಾರೆ.

"ಬೆನ್ನು ತಿರುಗಿಸಿ ನಿಂತೆ ಕಣೇ" ಎಂದರಂತೆ ಗುನ್ವೋರ್, ಕನ್ನಡಿಯ ಮುಂದೆ ಬಣ್ಣ ಒರೆಸುತ್ತ. "ಚರ್ಚಲ್ಲಿ ಶವದ ಪೆಟ್ಟಿಗೆಗೆ ದಾರಿ ಬಿಡ್ತಾರಲ್ಲ, ಹಂಗೆ ಬಿಟ್ರು."

ಆಸ್ತಾ ಮಡಚುತ್ತಿದ್ದ ನಿಲುವಂಗಿಯನ್ನು ಕೆಳಗಿಟ್ಟರು. "ಈಗ ನಾನು ಒದೀಲಾ?"

"ಈಗ್ಯಾಕೆ? ನಾಟಕ ಮುಗೀತಲ್ಲ."

ಮರುದಿನವೇ ನಿವೃತ್ತಿಯ ನಿರ್ಧಾರ ತಿಳಿಸಿದರು. ಮಂಡಿನೋವು ಕಾರಣವೆಂದು ಪ್ರಕಟವಾಯಿತು. ಇದನ್ನೆಲ್ಲ ಇಲ್ಲಿ ಬಯಲು ಮಾಡಿದ್ದಕ್ಕೆ ಅವರು ಸಿಟ್ಟಾದರೆ ಆಗಲಿ. ಒಬ್ಬರನ್ನು ಇಷ್ಟು ಎತ್ತರದಲ್ಲಿ ಕೂರಿಸಿ ಕೆಳಗೆ ನಿಂತು ಚಪ್ಪಾಳೆ ತಟ್ಟುವುದು ಪ್ರೀತಿಯಲ್ಲ.

ಈ ಬೇಸಿಗೆಯಲ್ಲಿ ಗುನ್ವೋರ್ ನಮ್ಮ ಪಕ್ಕದ ಹಾಲಂಡ್ ಪ್ರಾಂತ್ಯದ ಕರಾವಳಿಯ ಬಯಲು ರಂಗದ ಪುಟ್ಟ ತಂಡವೊಂದರಲ್ಲಿ ಅಭಿನಯಿಸಲು ಒಪ್ಪಿದ್ದಾರೆ. ಅವರ ಕಂಠಕ್ಕೆ ಬಲವೂ ಮಂಡಿಗೆ ನೆಮ್ಮದಿಯೂ ಇರಲಿ, ನೂರು ತುಂಬಿದ ಮೇಲೂ ಹೊಸ ಪಾತ್ರಗಳು ಹುಡುಕಿಕೊಂಡು ಬರಲಿ. ಆ ತಂಡದ ಅಪರಿಚಿತ ಗೆಳೆಯರಲ್ಲಿ ಒಂದೇ ಬಿನ್ನಹ: ಅವರು ಬೆನ್ನು ತಿರುಗಿಸಿ ನಿಂತರೆ, ದಯವಿಟ್ಟು ದಾರಿ ಬಿಡಬೇಡಿ.